ಕಾಣುವ ದೂರ, ನಿಲ್ಲುವ ದೂರ

ಮಳೆಗಾಲದ ಸಂಜೆ ಬೈಸಿಕಲ್ಲನ್ನೇರಿ ಮನೆಗೆ ಹಿಂದಿರುಗುವವರು ನಮ್ಮ ನಾಡಿನಲ್ಲಿ ಕಡಿಮೆಯೇನೂ ಇಲ್ಲ. ಪಾಳಿ ಮುಗಿಸಿದ ಕಾರ್ಖಾನೆಯ ಕೆಲಸಗಾರರು, ಹಾಲಿನ ಕ್ಯಾನು ಕಟ್ಟಿಕೊಂಡು ಬರುವವರು, ಶಾಲೆಯ ವಿಶೇಷ ತರಗತಿ ಮುಗಿಸಿಕೊಂಡ ವಿದ್ಯಾರ್ಥಿಗಳು ಹೀಗೆ ಅವರು ನಾನಾ ಬಗೆ. ಕರ್ನಾಟಕ ಸರ್ಕಾರವು 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಹಂಚುವ ಯೋಜನೆಯನ್ನು ಆರಂಭಿಸಿದ ಮೇಲೆ ಮಲೆನಾಡಿನ ಹಳ್ಳಿಗಳ ಎಷ್ಟೋ ಹುಡುಗ ಹುಡುಗಿಯರೂ ಈ ಸಾಲಿಗೆ ಸೇರಿದರು. ತೀರ್ಥಹಳ್ಳಿ, ಸಕಲೇಶಪುರ, ಮಡಿಕೇರಿಗಳ ಕಡೆ ಆಷಾಢದ ಮೋಡ ಕವಿದಾಗ ಸೂರ್ಯಾಸ್ತಕ್ಕೆ ಮೊದಲೇ ಕತ್ತಲಾಗುತ್ತದೆ. ಮಳೆ, ಚಳಿ, ಕತ್ತಲೆ ಮೂರೂ ಏಕಕಾಲದಲ್ಲಿ ಎದುರಾಗುತ್ತವೆ.

ಈ ಮೂರನ್ನೂ ಜನರು ಬೇರೆ ಬೇರೆ ಕಷ್ಟಗಳೆಂದು ಎಣಿಸುವುದು ವಾಡಿಕೆ. ಆದರೆ ಭೌತಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಇವೆಲ್ಲವೂ ಒಂದೇ ಲೆಕ್ಕಕ್ಕೆ ಬಂದು ಸೇರುವುದನ್ನು ಕಾಣಬಹುದು. ಸವಾರನು ತನ್ನ ಮುಂದೆ ಎಷ್ಟು ದೂರ ಕಾಣಬಲ್ಲನೋ ಅಷ್ಟು ದೂರದೊಳಗೆ ಅವನು ನಿಲ್ಲಲು ಶಕ್ತನಾಗಿರಬೇಕು. ನಿಲ್ಲುವ ದೂರವು ಕಾಣುವ ದೂರಕ್ಕಿಂತ ಹೆಚ್ಚಾದೊಡನೆ ಅಪಾಯವು ಆರಂಭವಾಗುತ್ತದೆ. ಮಳೆಯೂ ಚಳಿಯೂ ಮೊದಲನೆಯದನ್ನು ಹಿಗ್ಗಿಸುತ್ತವೆ. ಕತ್ತಲೆಯು ಎರಡನೆಯದನ್ನು ಕುಗ್ಗಿಸುತ್ತದೆ. ಇದು ಹೇಗೆಂಬುದನ್ನು ಒಂದೊಂದಾಗಿ ವಿಚಾರಿಸೋಣ.

ನೀರು ಮಾಡುವ ಕೆಲಸ

ಗಂಟೆಗೆ 18 ಕಿಲೋಮೀಟರು ವೇಗದಲ್ಲಿ ಹೋಗುವ ಬೈಸಿಕಲ್ಲು ಸೆಕೆಂಡಿಗೆ 5 ಮೀಟರು ಸಾಗುತ್ತದೆ. ರಸ್ತೆಯಲ್ಲಿ ಒಂದು ಗುಂಡಿ ಕಂಡಿತೆನ್ನಿ. ಕಣ್ಣು ಅದನ್ನು ಗುರುತಿಸಿ ಕೈ ಬ್ರೇಕನ್ನು ಹಿಡಿಯುವುದಕ್ಕೆ ಸುಮಾರು ಒಂದು ಸೆಕೆಂಡು ಬೇಕು. ಅಷ್ಟರಲ್ಲಿ 5 ಮೀಟರು ಕಳೆದಿರುತ್ತದೆ. ಅನಂತರ ಬ್ರೇಕು ವೇಗವನ್ನು ಪ್ರತಿ ಸೆಕೆಂಡಿಗೆ 3 ಮೀಟರಿನಷ್ಟು ತಗ್ಗಿಸುವುದೆಂದು ಇಟ್ಟುಕೊಂಡರೆ, ಪೂರ್ತಿ ನಿಲ್ಲುವುದಕ್ಕೆ ಇನ್ನೂ ಸುಮಾರು 4 ಮೀಟರು ಹಿಡಿಯುತ್ತದೆ. ಒಣ ರಸ್ತೆಯಲ್ಲಿ ಒಟ್ಟು 9 ಮೀಟರು ಸಾಕಾಯಿತು.

ಮಳೆಯಲ್ಲಿ ಈ ಲೆಕ್ಕ ಬದಲಾಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಎಷ್ಟೋ ಬೈಸಿಕಲ್ಲುಗಳಲ್ಲಿ ಬ್ರೇಕಿನ ರಬ್ಬರು ಉಕ್ಕಿನ ರಿಮ್ಮನ್ನು ಒತ್ತಿ ಹಿಡಿಯುತ್ತದೆ. ರಿಮ್ಮು ನೆಲಕ್ಕೆ ಸಮೀಪವಾಗಿ ಸುತ್ತುವುದರಿಂದ ಸದಾ ನೀರಿನಲ್ಲಿ ತೋಯ್ದಿರುತ್ತದೆ. ರಬ್ಬರಿಗೂ ಉಕ್ಕಿಗೂ ನಡುವೆ ನಿಂತ ತೆಳ್ಳನೆಯ ನೀರಿನ ಪೊರೆ ಎಣ್ಣೆಯಂತೆ ವರ್ತಿಸುತ್ತದೆ. ನಯವಾದ ಉಕ್ಕಿನ ಮೇಲೆ ಒದ್ದೆ ರಬ್ಬರಿನ ಘರ್ಷಣೆಯು ಒಣಗಿದ್ದಾಗಿನ ಹತ್ತರಲ್ಲೊಂದು ಪಾಲಿಗೂ ಇಳಿಯಬಲ್ಲುದೆಂದು ಪ್ರಯೋಗಗಳಿಂದ ತಿಳಿದಿದೆ. ರಬ್ಬರು ಆ ಪೊರೆಯನ್ನು ಒರಸಿ ತೆಗೆದ ಮೇಲೆಯೇ ಹಿಡಿತ ಬರುವುದು. ಅದಕ್ಕೆ ಗಾಲಿಯು ಹಲವು ಸುತ್ತು ತಿರುಗಬೇಕು. ದೊಡ್ಡ ಗಾಲಿಯ ಒಂದು ಸುತ್ತೆಂದರೆ 2 ಮೀಟರಿಗೂ ಮಿಕ್ಕಿದ ದಾರಿ.

ನಾವು ಅಷ್ಟು ಕಠಿಣವಾಗಿ ಎಣಿಸದೆ, ಒದ್ದೆ ಬ್ರೇಕಿನ ಬಲ ಮೂರರಲ್ಲೊಂದು ಪಾಲಾಯಿತೆಂದು ಮಾತ್ರ ಭಾವಿಸೋಣ. ಆಗಲೂ 4 ಮೀಟರಿನ ಬದಲು ಹನ್ನೆರಡೂವರೆ ಮೀಟರು ಬೇಕಾಗುತ್ತದೆ. ಒಟ್ಟು ದೂರ 9ರಿಂದ ಹದಿನೇಳೂವರೆ ಮೀಟರಿಗೆ ಏರಿತು.

ಟೈರು ನೀರಿನ ಮೇಲೆ ತೇಲಿ ಜಾರುವುದೆಂಬ ಭಯ ಕೆಲವರಿಗುಂಟು. ವೇಗವಾಗಿ ಓಡುವ ಮೋಟಾರಿಗೆ ಇದು ನಿಜ. ಬೈಸಿಕಲ್ಲಿನ ಕಿರಿದಾದ ಟೈರಿನಲ್ಲಿ ಗಾಳಿಯ ಒತ್ತಡ ಅಧಿಕವಾದುದರಿಂದ ಅದು ನೀರನ್ನು ಸೀಳಿಕೊಂಡು ನೆಲವನ್ನು ಮುಟ್ಟುತ್ತದೆ. ಸಾಧಾರಣ ಸವಾರನ ವೇಗದಲ್ಲಿ ತೇಲುವ ಪ್ರಶ್ನೆಯೇ ಇಲ್ಲ. ಜಾರಿಕೆಗೆ ಕಾರಣಗಳು ಬೇರೆ: ರಸ್ತೆಗೆ ಬಳಿದ ಬಣ್ಣದ ಪಟ್ಟೆ, ಚರಂಡಿಯ ಕಬ್ಬಿಣದ ಮುಚ್ಚಳ, ಕೊಳೆತ ಎಲೆ, ಪಾಚಿ, ಮತ್ತು ಬೇಸಗೆಯಲ್ಲಿ ಸುರಿದ ಎಣ್ಣೆಯನ್ನು ಎಬ್ಬಿಸುವ ಮೊದಲ ಮಳೆ. ಇಂತಹ ಕಡೆಗಳಲ್ಲಿ ಬ್ರೇಕು ಹಿಡಿಯದೆ, ಹ್ಯಾಂಡಲನ್ನು ತಿರುಗಿಸದೆ ನೇರವಾಗಿ ದಾಟಬೇಕು.

ಚಳಿ ಮಾಡುವ ಕೆಲಸ

ಮಲೆನಾಡಿನ ಮಳೆಗಾಲದ ಸಂಜೆಯ ಉಷ್ಣತೆ 18 ಅಥವಾ 20 ಡಿಗ್ರಿ ಇದ್ದೀತು. ಇದು ಹಿಮಪ್ರದೇಶದ ಚಳಿಯಲ್ಲ. ಆದರೂ ತೊಯ್ದ ಸವಾರನು ನಡುಗುತ್ತಾನೆ. ಇದಕ್ಕೆ ಕಾರಣವೇನು?

ಗಾಳಿ ನಿಶ್ಚಲವಾಗಿದ್ದರೂ ಸವಾರನ ಚಲನೆಯಿಂದಲೇ ಸೆಕೆಂಡಿಗೆ 5 ಮೀಟರಿನ ಗಾಳಿ ಅವನ ಮೇಲೆ ಬೀಸುತ್ತದೆ. ಒದ್ದೆ ಬಟ್ಟೆಯಿಂದ ನೀರು ಆವಿಯಾಗುವಾಗ ಗ್ರಾಮಿಗೆ ಸುಮಾರು 580 ಕ್ಯಾಲೊರಿ ಗುಪ್ತೋಷ್ಣವನ್ನು ಹೀರಿಕೊಳ್ಳುತ್ತದೆ. ಅಂದರೆ ನೂರು ಗ್ರಾಮು, ಅರ್ಧ ಲೋಟದಷ್ಟು ನೀರು, ಈ ಶಾಖವನ್ನೆಲ್ಲ ದೇಹದಿಂದಲೇ ಪಡೆದು ಆವಿಯಾದರೆ, 60 ಕಿಲೋಗ್ರಾಮು ತೂಕದ ದೇಹದ ಉಷ್ಣತೆಯನ್ನು ಒಂದು ಡಿಗ್ರಿಗಿಂತ ಹೆಚ್ಚಾಗಿ ತಗ್ಗಿಸುವಷ್ಟು ಶಾಖ ಹೊರಟುಹೋಗುತ್ತದೆ. ಪೆಡಲು ತುಳಿಯುವ ಸ್ನಾಯುಗಳು ಶಾಖವನ್ನು ಉತ್ಪಾದಿಸಿ ಈ ನಷ್ಟವನ್ನು ತುಂಬುತ್ತಿರುವುದರಿಂದ ದೇಹವು ತಾಳಿಕೊಳ್ಳುತ್ತದೆ. ಬೆರಳುಗಳಿಗೆ ಆ ಭಾಗ್ಯವಿಲ್ಲ. ಒಳಗಣ ಅಂಗಗಳನ್ನು ಬೆಚ್ಚಗಿಡುವ ಸಲುವಾಗಿ ದೇಹವು ಕೈಬೆರಳುಗಳ ರಕ್ತನಾಳಗಳನ್ನು ಕಿರಿದುಗೊಳಿಸುತ್ತದೆ. ಬೆರಳು ಮರಗಟ್ಟುತ್ತದೆ, ಬ್ರೇಕು ಹಿಡಿಯುವುದು ತಡವಾಗುತ್ತದೆ. ಅರ್ಧ ಸೆಕೆಂಡು ತಡವಾದರೆ ಎರಡೂವರೆ ಮೀಟರು ಹೆಚ್ಚಿತು. ನಮ್ಮ ಲೆಕ್ಕ ಈಗ 20 ಮೀಟರಿಗೆ ಬಂದು ನಿಂತಿದೆ.

ಗದ್ದೆಯಲ್ಲಿ ದುಡಿಯುವ ಮಲೆನಾಡಿಗರು ಕಂಬಳಿಯನ್ನು ಹೊದೆಯುವುದರಲ್ಲಿ ಅರ್ಥವಿದೆ. ಉಣ್ಣೆಯ ಎಳೆಗಳು ತೊಯ್ದರೂ ಹತ್ತಿಯಂತೆ ಮೈಗೆ ಅಂಟಿಕೊಳ್ಳದೆ ತಮ್ಮ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಗಾಳಿಯು ಶಾಖವನ್ನು ಸುಲಭವಾಗಿ ಸಾಗಿಸದು. ಸವಾರನಿಗೆ ಕಂಬಳಿ ಸಲ್ಲದು, ಅದರ ಅಂಚು ಗಾಲಿಗೆ ಸಿಕ್ಕಿಕೊಳ್ಳಬಹುದು. ಮಳೆಯಂಗಿಯೊಳಗೆ ಉಣ್ಣೆಯ ಬನಿಯನ್ನು ಮತ್ತು ಕೈಗವಸು ಧರಿಸಿದರೆ ಅದೇ ಪ್ರಯೋಜನ ದೊರೆಯುತ್ತದೆ.

ಕತ್ತಲೆ ಮಾಡುವ ಕೆಲಸ

ಇನ್ನು ಕಾಣುವ ದೂರವನ್ನು ವಿಚಾರಿಸೋಣ. ಒಣಗಿದ ರಸ್ತೆ ಒರಟಾಗಿರುವುದರಿಂದ ದೀಪದ ಬೆಳಕನ್ನು ಎಲ್ಲ ದಿಕ್ಕಿಗೂ ಚದರಿಸುತ್ತದೆ. ಅದರಲ್ಲಿ ಒಂದಂಶ ನಮ್ಮ ಕಣ್ಣಿಗೆ ಮರಳುತ್ತದೆ. ರಸ್ತೆ ಒದ್ದೆಯಾದಾಗ ನೀರಿನ ಪೊರೆ ಕನ್ನಡಿಯಂತಾಗಿ ಬೆಳಕನ್ನು ಮುಂದಕ್ಕೇ ಪ್ರತಿಫಲಿಸಿಬಿಡುತ್ತದೆ. ನಮ್ಮ ದೀಪದ ಬೆಳಕು ನಮಗೆ ಬಾರದು. ಎದುರಿನ ವಾಹನದ ಬೆಳಕು ಮಾತ್ರ ರಸ್ತೆಯುದ್ದಕ್ಕೂ ಹರಡಿ ಕಣ್ಣನ್ನು ಕುಕ್ಕುತ್ತದೆ. ಒಣ ರಸ್ತೆಯಲ್ಲಿ 20 ಮೀಟರು ತೋರಿಸುತ್ತಿದ್ದ ದೀಪ ಈಗ 12 ಮೀಟರು ತೋರಿಸೀತೆಂದು ಇಟ್ಟುಕೊಳ್ಳೋಣ. ನಿಲ್ಲಲು 20 ಮೀಟರು ಬೇಕು, ಕಾಣುವುದು 12. ಗುಂಡಿ ಕಂಡಾಗ ಅದನ್ನು ತಪ್ಪಿಸುವ ಕಾಲ ಮೀರಿರುತ್ತದೆ.

ಪರಿಹಾರವೂ ಲೆಕ್ಕದಲ್ಲಿಯೇ ಇದೆ. ವೇಗವನ್ನು ಗಂಟೆಗೆ 12 ಕಿಲೋಮೀಟರಿಗೆ ತಗ್ಗಿಸಿದರೆ, ಅದೇ ಒದ್ದೆ ಬ್ರೇಕು, ಅದೇ ಮರಗಟ್ಟಿದ ಬೆರಳುಗಳಿಂದ ಸುಮಾರು ಹತ್ತೂವರೆ ಮೀಟರಿನೊಳಗೆ ನಿಲ್ಲಬಹುದು. ಬ್ರೇಕು ಕ್ರಮಿಸುವ ದೂರವು ವೇಗದ ವರ್ಗಕ್ಕೆ ಅನುಗುಣವಾದುದರಿಂದ, ವೇಗ ಮೂರರಲ್ಲೊಂದು ಪಾಲು ಇಳಿದರೆ ಒಟ್ಟು ದೂರ ಹೆಚ್ಚುಕಡಿಮೆ ಅರ್ಧವಾಯಿತು. ಆರು ಕಿಲೋಮೀಟರಿನ ದಾರಿಯಲ್ಲಿ ಇದಕ್ಕೆ ತೆರಬೇಕಾದ ಬೆಲೆ ಹತ್ತು ನಿಮಿಷ ಮಾತ್ರ.

ಇಲ್ಲಿ ಒಂದು ತೊಡಕುಂಟು. ಟೈರಿಗೆ ಒತ್ತಿ ತಿರುಗುವ ಹಳೆಯ ಡೈನಮೋ ಗಾಲಿಯ ವೇಗವನ್ನೇ ನೆಚ್ಚಿಕೊಂಡಿದೆ. ವೇಗ ತಗ್ಗಿದರೆ ದೀಪ ಮಂಕಾಗುತ್ತದೆ, ನಿಂತರೆ ಆರಿಯೇ ಹೋಗುತ್ತದೆ. ಒದ್ದೆ ಟೈರಿನ ಮೇಲೆ ಅದರ ಗಾಲಿ ಜಾರುವುದೂ ಉಂಟು. ಆದಕಾರಣ ಮಳೆಗಾಲದಲ್ಲಿ ಬ್ಯಾಟರಿಯ ಎಲ್‌ಇಡಿ ದೀಪವೇ ಮೇಲು.

ಕಾಣುವುದರಷ್ಟೇ ಮುಖ್ಯವಾದುದು ಕಾಣಿಸಿಕೊಳ್ಳುವುದು. ಗಂಟೆಗೆ 54 ಕಿಲೋಮೀಟರಿನಲ್ಲಿ ಬರುವ ಕಾರು ಒದ್ದೆ ರಸ್ತೆಯಲ್ಲಿ ನಿಲ್ಲುವುದಕ್ಕೆ ಸುಮಾರು 50 ಮೀಟರು ಬೇಕು. ಕಪ್ಪು ಉಡುಪಿನ ಸವಾರ ಅಷ್ಟು ದೂರದಿಂದ ಅದರ ಚಾಲಕನಿಗೆ ಕಾಣುವುದು ದುರ್ಲಭ. ಹಿಂದಿನ ಕೆಂಪು ಪ್ರತಿಫಲಕದಲ್ಲಿ ಒಂದಕ್ಕೊಂದು ಲಂಬವಾದ ಮೂರು ಮುಖಗಳುಳ್ಳ ಪುಟ್ಟ ಮೂಲೆಗಳಿರುತ್ತವೆ. ಬೆಳಕು ಮೂರೂ ಮುಖಗಳಿಗೆ ಬಡಿದು ಬಂದ ದಿಕ್ಕಿಗೇ ಮರಳುವುದರಿಂದ ಅದು ಚಾಲಕನ ಕಣ್ಣಿಗೆ ಉಜ್ಜ್ವಲವಾಗಿ ಹೊಳೆಯುತ್ತದೆ. ಆದರೆ ಕೆಸರು ಮೆತ್ತಿದರೆ ಅದು ನಿಷ್ಪ್ರಯೋಜಕ. ಪೆಡಲಿನ ಪ್ರತಿಫಲಕಗಳಿಗೆ ಇನ್ನೊಂದು ಗುಣವಿದೆ. ದೇಹದ ಕೀಲುಗಳ ಬಳಿಯ ಕೆಲವೇ ಬೆಳಕಿನ ಚುಕ್ಕೆಗಳ ಚಲನೆಯಿಂದ ಮನುಷ್ಯನನ್ನು ಗುರುತಿಸಬಹುದೆಂದು ಸ್ವೀಡನ್ನಿನ ಗುನ್ನಾರ್ ಯೊಹಾನ್ಸನ್ 1973ರಲ್ಲಿ ತೋರಿಸಿದರು. ಮೇಲೆ ಕೆಳಗೆ ಆಡುವ ಎರಡು ಚುಕ್ಕೆಗಳು, ಅಲ್ಲಿರುವುದು ಕಂಬವಲ್ಲ, ಮನುಷ್ಯನೆಂದು ಚಾಲಕನಿಗೆ ಸಾರುತ್ತವೆ.

ಆದುದರಿಂದ ಮನೆಯಿಂದ ಹೊರಡುವ ಮುನ್ನ ಮಕ್ಕಳ ಬೈಸಿಕಲ್ಲಿನ ಬ್ರೇಕಿನ ರಬ್ಬರು ಸವೆದಿದೆಯೇ ಎಂದು ನೋಡಿ, ರಿಮ್ಮನ್ನೂ ಪ್ರತಿಫಲಕಗಳನ್ನೂ ಬಟ್ಟೆಯಿಂದ ಒರಸಿ. ಇಳಿಜಾರು ಬರುವುದಕ್ಕೆ ಮೊದಲೇ ಎರಡೂ ಬ್ರೇಕುಗಳನ್ನು ಹಗುರವಾಗಿ ಒತ್ತಿ ನೀರನ್ನು ತೆಗೆಯುವುದನ್ನು ಅವರಿಗೆ ಅಭ್ಯಾಸ ಮಾಡಿಸಿ. ಮಳೆಯ ದಿನ ಹತ್ತು ನಿಮಿಷ ತಡವಾಗಿ ಬಂದ ಮಗುವನ್ನು ಗದರಿಸದಿರುವುದೂ ಈ ಲೆಕ್ಕಕ್ಕೆ ಸೇರಿದ ವಿಷಯವೇ.