ಹಣ ಹೊರಡುವ ಮುನ್ನ

ಆನ್‌ಲೈನ್ ಖರೀದಿಯ ಮೋಸದ ಬಗ್ಗೆ ಎಚ್ಚರಿಸುವವರು ಸಾಮಾನ್ಯವಾಗಿ ನಕಲಿ ಜಾಲತಾಣವನ್ನು ಗುರುತಿಸುವುದು ಹೇಗೆ ಎಂಬಲ್ಲಿಂದ ಮಾತು ಶುರುಮಾಡುತ್ತಾರೆ. ಕಾಗುಣಿತದ ತಪ್ಪು ಇದೆಯೇ ನೋಡಿ, ವಿಳಾಸದ ಪಕ್ಕದಲ್ಲಿ ಬೀಗದ ಗುರುತು ಇದೆಯೇ ನೋಡಿ, ರಿವ್ಯೂ ಓದಿ ಎನ್ನುತ್ತಾರೆ. ಈ ಸಲಹೆಗೆ ವಯಸ್ಸಾಗಿದೆ. ಆ ಬೀಗ ಹೇಳುವುದು ಇಷ್ಟೇ: ನಿಮ್ಮ ಫೋನಿನಿಂದ ಆ ತಾಣಕ್ಕೆ ಹೋಗುವ ಮಾಹಿತಿಯನ್ನು ನಡುವೆ ಯಾರೂ ಓದಲಾರರು. ಆ ಕೊನೆಯಲ್ಲಿ ಕುಳಿತವನು ಯಾರು ಎಂಬುದಕ್ಕೆ ಅದು ಹೊಣೆಯಲ್ಲ. ಬೀಗಕ್ಕೆ ಬೇಕಾದ ಪ್ರಮಾಣಪತ್ರವನ್ನು ಯಾರು ಬೇಕಾದರೂ ಉಚಿತವಾಗಿ ಪಡೆಯಬಹುದು. ಎಐ ಬಂದ ಮೇಲೆ ತಪ್ಪಿಲ್ಲದ ಕನ್ನಡ, ಅಂದವಾದ ಚಿತ್ರ, ಹೊಗಳುವ ರಿವ್ಯೂ ಎಲ್ಲವೂ ನಿಮಿಷಗಳಲ್ಲಿ ಸಿದ್ಧವಾಗುತ್ತವೆ. ಹೀಗಿರುವಾಗ ಅಂಗಡಿ ಅಸಲಿಯೋ ನಕಲಿಯೋ ಎಂದು ಪತ್ತೆಹಚ್ಚುವ ಜಾಣತನವನ್ನೇ ನಂಬಿ ಕೂರಲಾಗದು. ಹಣ ಯಾವ ದಾರಿಯಲ್ಲಿ ಹೋಗುತ್ತಿದೆ, ಮೋಸವಾದರೆ ಅದೇ ದಾರಿಯಲ್ಲಿ ಹಿಂದಿರುಗಿ ಬರಲು ಅವಕಾಶವಿದೆಯೇ ಎಂದು ಕೇಳಿಕೊಳ್ಳುವುದೇ ಹೆಚ್ಚು ಭದ್ರವಾದ ಅಭ್ಯಾಸ ಎಂಬುದು ನನ್ನ ವಾದ.

ಒಂದು ಮಾದರಿಯನ್ನು ಹತ್ತಿರದಿಂದ ನೋಡೋಣ. ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಜಾಹೀರಾತು ಬರುತ್ತದೆ: ಅಪ್ಪಟ ಮೈಸೂರು ರೇಷ್ಮೆ ಸೀರೆ, ದಾಸ್ತಾನು ಖಾಲಿ ಮಾಡುತ್ತಿದ್ದೇವೆ, 999 ರೂಪಾಯಿ, ಇಂದು ರಾತ್ರಿಯವರೆಗೆ ಮಾತ್ರ. ಕೆಳಗೆ ಗಡಿಯಾರ ಹಿಮ್ಮುಖವಾಗಿ ಓಡುತ್ತಿರುತ್ತದೆ. ಪುಟವನ್ನು ಮತ್ತೆ ತೆರೆದರೆ ಆ ಗಡಿಯಾರವೂ ಮೊದಲಿನಿಂದ ಶುರುವಾಗುತ್ತದೆ. ಮೈಸೂರು ಸಿಲ್ಕ್ ಎಂಬುದು ಭೌಗೋಳಿಕ ಗುರುತು ಪಡೆದ ಸರಕು. ಆ ಗುರುತು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮದ ಹೆಸರಿನಲ್ಲಿದೆ. ಶುದ್ಧ ರೇಷ್ಮೆ ಮತ್ತು ಚಿನ್ನದ ಜರಿಯ ಆ ಸೀರೆಗೆ ನಿಗಮದ ಮಳಿಗೆಯಲ್ಲಿ ಸಾವಿರಾರು ರೂಪಾಯಿ ಬೆಲೆಯಿದೆ. ಹಾಗಾದರೆ 999ಕ್ಕೆ ಬರುವುದೇನು? ಒಂದೋ ಪಾಲಿಯೆಸ್ಟರ್ ಬಟ್ಟೆ, ಇಲ್ಲವೇ ಏನೂ ಇಲ್ಲ. ಆದರೆ ನಾನು ತೋರಿಸಬೇಕೆಂದಿರುವುದು ಬೆಲೆಯನ್ನಲ್ಲ. ಆ ಪುಟದ ಕೊನೆಗೆ ಹೋಗಿ ನೋಡಿ: ವಿಳಾಸವಿಲ್ಲ, ದೂರು ಕೇಳುವವರ ಹೆಸರಿಲ್ಲ, ಒಂದು ವಾಟ್ಸ್‌ಆ್ಯಪ್ ಸಂಖ್ಯೆ ಮಾತ್ರ ಇರುತ್ತದೆ. ಅದಕ್ಕೆ ಸಂದೇಶ ಹಾಕಿದರೆ ಯಾವುದೋ ವ್ಯಕ್ತಿಯ ಹೆಸರಿಗೆ ಹಣ ಹೋಗುವ ಕ್ಯೂಆರ್ ಕೋಡ್ ಬರುತ್ತದೆ. ಮೋಸ ಅಡಗಿರುವುದು ಇಲ್ಲಿ. ಅಂಗಡಿಯ ಹೆಸರು ಒಂದು, ಹಣ ಸೇರುವ ಹೆಸರು ಇನ್ನೊಂದು.

ಹಣದ ದಾರಿಗೆ ಇಷ್ಟೊಂದು ಮಹತ್ವ ಕೊಡುವುದಕ್ಕೆ ಕಾನೂನಿನಲ್ಲೇ ಕಾರಣವಿದೆ. ಗ್ರಾಹಕರ ಹೊಣೆ ಎಷ್ಟೆಂದು ನಿಗದಿ ಮಾಡಿ ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿತು. ನಿಮ್ಮ ತಪ್ಪೂ ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರು ಖಾತೆಯಿಂದ ಹಣ ಕದ್ದಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಲ್ಲಿ ನಿಮ್ಮ ಹೊಣೆ ಸೊನ್ನೆ ಎಂದು ಅದು ಹೇಳಿತು. ಬಹಳ ಒಳ್ಳೆಯ ರಕ್ಷಣೆ. ಆದರೆ ಅದು ಇರುವುದು ನಿಮ್ಮ ಒಪ್ಪಿಗೆಯಿಲ್ಲದೆ ನಡೆದ ವ್ಯವಹಾರಕ್ಕೆ. ಗ್ರಾಹಕರೇ ಪಿನ್ ಅಥವಾ ಒಟಿಪಿ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಪೂರ್ತಿ ಅವರದೇ. ಸೀರೆಯ ಆಸೆಗೆ ನೀವಾಗಿಯೇ ಸ್ಕ್ಯಾನ್ ಮಾಡಿ, ನಿಮ್ಮ ಬೆರಳಿನಿಂದಲೇ ಪಿನ್ ಒತ್ತಿ ಕಳಿಸಿದ ಹಣವಂತೂ ಬ್ಯಾಂಕಿನ ಲೆಕ್ಕದಲ್ಲಿ ನೀವು ಒಪ್ಪಿ ಕೊಟ್ಟದ್ದು. ವಂಚಕರಿಗೆ ಇದು ಚೆನ್ನಾಗಿ ಗೊತ್ತು. ಆದ್ದರಿಂದಲೇ ಅವರು ಖಾತೆಗೆ ಕನ್ನ ಹಾಕುವ ಕಷ್ಟಕ್ಕೆ ಹೋಗದೆ, ನಮ್ಮ ಕೈಯಿಂದಲೇ ಹಣ ಕಳಿಸುವಂತೆ ಮಾಡುತ್ತಾರೆ.

ಹಾಗಾದರೆ ಕ್ಯಾಶ್ ಆನ್ ಡೆಲಿವರಿ ಇದೆಯಲ್ಲ, ಸರಕು ಕೈಗೆ ಬಂದ ಮೇಲೆ ಹಣ ಕೊಟ್ಟರೆ ಮೋಸ ಹೇಗಾದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಸಾಮಾನ್ಯವಾಗಿ ಹಣ ಕೊಟ್ಟ ಮೇಲಷ್ಟೇ ಪೆಟ್ಟಿಗೆ ನಮ್ಮದಾಗುತ್ತದೆ. ಒಳಗೆ ಸೀರೆಯ ಬದಲು ಹಳೆ ಬಟ್ಟೆಯಿದ್ದರೆ ತಂದುಕೊಟ್ಟ ಹುಡುಗನನ್ನು ಬೈದು ಫಲವಿಲ್ಲ. ಅವನ ಕೆಲಸ ತಲುಪಿಸುವುದಷ್ಟೇ. ಯಾರೂ ಆರ್ಡರ್ ಮಾಡದ ಪಾರ್ಸೆಲ್ ತಂದು, ಮನೆಯಲ್ಲಿರುವ ಹಿರಿಯರಿಂದ ಮುನ್ನೂರೋ ಐನೂರೋ ವಸೂಲಿ ಮಾಡುವುದೂ ಉಂಟು. ಪೆಟ್ಟಿಗೆ ತೆರೆದು ತೋರಿಸಿಯೇ ಕೊಡುವ ಓಪನ್ ಬಾಕ್ಸ್ ಡೆಲಿವರಿ ಇದ್ದರೆ ಆರಿಸಿಕೊಳ್ಳಿ, ಅದಕ್ಕೆ ಅರ್ಥವಿದೆ. ಪರಿಚಿತ ತಾಣದೊಳಗೇ ಆರ್ಡರ್ ಮಾಡಿ ಅಲ್ಲೇ ಹಣ ಕಟ್ಟಿದರೆ ರಿಟರ್ನ್, ರೀಫಂಡ್ ಎಂಬ ದಾರಿ ತೆರೆದಿರುತ್ತದೆ. ಕ್ರೆಡಿಟ್ ಕಾರ್ಡ್ ಇದ್ದರೆ, ಸರಕು ಬರಲಿಲ್ಲವೆಂದು ಬ್ಯಾಂಕಿನಲ್ಲಿ ತಕರಾರು ಎತ್ತಿ ಚಾರ್ಜ್‌ಬ್ಯಾಕ್ ಕೇಳಬಹುದು. ವ್ಯಕ್ತಿಯೊಬ್ಬರ ಖಾತೆಗೆ ಯುಪಿಐ ಮಾಡಿದ ಹಣಕ್ಕೆ ಇಂಥ ಹಿಂದಾರಿಯಿಲ್ಲ. ಯುಪಿಐ ಕೆಟ್ಟದ್ದೆಂದಲ್ಲ, ಪರಿಚಯವಿಲ್ಲದವರಿಗೆ ಮುಂಗಡ ಕೊಡುವ ಸಾಧನ ಅದಲ್ಲ. ತಾಣದಲ್ಲೇ ಸಿಕ್ಕ ಮಾರಾಟಗಾರ ಕೂಡ, 'ಇಲ್ಲಿ ಕಮಿಷನ್ ಹೋಗುತ್ತೆ ಮೇಡಂ, ನನ್ನ ನಂಬರಿಗೇ ಹಾಕಿ, ಇನ್ನೂರು ಕಡಿಮೆ ಮಾಡ್ತೀನಿ' ಎಂದರೆ, ಆ ಇನ್ನೂರು ರೂಪಾಯಿಗೆ ನೀವು ಮಾರುತ್ತಿರುವುದು ನಿಮ್ಮ ರೀಫಂಡಿನ ಹಕ್ಕನ್ನು.

ಖರೀದಿ ಮುಗಿದ ಮೇಲೂ ಅಪಾಯ ಮುಗಿಯುವುದಿಲ್ಲ. ವಸ್ತು ಹಾಳಾಗಿ ಬಂದಾಗ ಸಿಟ್ಟಿನಲ್ಲಿ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಸಂಖ್ಯೆ ಹುಡುಕುವ ಗಳಿಗೆಯೇ ಹೆಚ್ಚು ಅಪಾಯದ್ದು, ಏಕೆಂದರೆ ವಂಚಕರು ತಮ್ಮ ಸಂಖ್ಯೆಯನ್ನು ಅಲ್ಲಿಯೇ ಬಿತ್ತಿರುತ್ತಾರೆ. ರೀಫಂಡ್ ಕೊಡುತ್ತೇವೆಂದು ಕ್ಯೂಆರ್ ಕೋಡ್ ಕಳಿಸುತ್ತಾರೆ, ಫೋನಿನ ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಕೊಳ್ಳಿ ಎನ್ನುತ್ತಾರೆ, ನಕ್ಷತ್ರದ ಗುರುತಿನಿಂದ ಶುರುವಾಗುವ ಸಂಖ್ಯೆ ಒತ್ತಿಸಿ ನಿಮಗೆ ಬರುವ ಕರೆಗಳನ್ನು ತಮ್ಮತ್ತ ತಿರುಗಿಸಿಕೊಳ್ಳುತ್ತಾರೆ. ಹಣ ಪಡೆಯಲು ಯುಪಿಐನಲ್ಲಿ ಪಿನ್ ಬೇಕಾಗಿಲ್ಲ. ಹಣ ಕೊಡುತ್ತೇವೆಂದು ಹೇಳಿ ಪಿನ್ ಕೇಳಿದರೆ ನಿಮ್ಮ ಹಣ ಹೊರಹೋಗುತ್ತಿದೆ ಎಂದೇ ಅರ್ಥ. ವ್ಯಕ್ತಿಯೊಬ್ಬರು ಇನ್ನೊಬ್ಬರಿಗೆ ಹಣ ಕೋರಿ ಕಳಿಸುವ 'ಕಲೆಕ್ಟ್ ರಿಕ್ವೆಸ್ಟ್' ಸೌಲಭ್ಯವನ್ನು 2025ರ ಅಕ್ಟೋಬರ್‌ನಿಂದ, ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿತು. ಆದರೆ ಕ್ಯೂಆರ್ ಕೋಡ್ ಉಳಿದಿದೆ, ದಿನನಿತ್ಯದ ವ್ಯವಹಾರಕ್ಕಾಗಿ ಉಳಿಯಲೂ ಬೇಕು; ಹಾಗಾಗಿ ಪಿನ್ ಒತ್ತುವ ಮುನ್ನ ಎಚ್ಚರ ನಮ್ಮದೇ.

ಎಲ್ಲ ಎಚ್ಚರವೂ ಗ್ರಾಹಕರ ತಲೆಗೇ ಏಕೆ, ಜಾಹೀರಾತಿನಿಂದ ಹಣ ಮಾಡುವ ದೊಡ್ಡ ಕಂಪನಿಗಳಿಗೆ ಹೊಣೆಯಿಲ್ಲವೇ ಎಂಬ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ನಿಯಮಗಳೂ ಇದನ್ನೇ ಹೇಳುತ್ತವೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ತಾಣದಲ್ಲಿ ಕಂಪನಿಯ ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ಹೆಸರು ಇರಬೇಕು, ದೂರು ಬಂದದ್ದನ್ನು 48 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಒಂದು ತಿಂಗಳಲ್ಲಿ ಇತ್ಯರ್ಥ ಮಾಡಬೇಕು. ಸುಳ್ಳು ಗಡುವು ತೋರಿಸಿ ಅವಸರಪಡಿಸುವುದನ್ನು 2023ರ ಮಾರ್ಗಸೂಚಿ ಅಕ್ರಮ ವ್ಯಾಪಾರ ತಂತ್ರಗಳ ಪಟ್ಟಿಗೆ ಸೇರಿಸಿತು. ಮೋಸದ ಜಾಹೀರಾತಿಗೆ ಜಾಗ ಮಾರಿದವರೂ ನಷ್ಟದಲ್ಲಿ ಪಾಲು ಹೊರುವ ಕಾಲ ಬರಬೇಕು, ಅದಕ್ಕಾಗಿ ಒತ್ತಾಯಿಸಲೂ ಬೇಕು. ಆದರೆ ಆ ನ್ಯಾಯ ಬರುವುದು ಹಣ ಹೋದ ಮೇಲೆ. ವಿಳಾಸವೇ ಇಲ್ಲದ ವಂಚಕನ ಮೇಲೆ ಯಾವ ನಿಯಮವನ್ನು ಹೇರುತ್ತೀರಿ? ವಿಳಾಸವಿರುವ ಅಂಗಡಿಯಲ್ಲಿ, ದಾಖಲೆ ಉಳಿಯುವ ದಾರಿಯಲ್ಲಿ ಕೊಂಡವರಿಗೆ ಮಾತ್ರ ಈ ಕಾನೂನುಗಳು ಕೈಗೆ ಸಿಗುತ್ತವೆ. ಅಂಥವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ತಮ್ಮದೇ ಜಿಲ್ಲೆಯ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷ ರೂಪಾಯಿಯವರೆಗಿನ ಖರೀದಿಗೆ ಅಲ್ಲಿ ಶುಲ್ಕವೇ ಇಲ್ಲ.

ಹೋದದ್ದು ಸಾವಿರ ರೂಪಾಯಿ ತಾನೇ, ಯಾರಿಗೆ ಹೇಳಿ ನಗೆಪಾಟಲಾಗಲಿ ಎಂದು ಸುಮ್ಮನಾಗುವವರು ಬಹಳ. ಒಬ್ಬರಿಂದ ಸಾವಿರ, ಇನ್ನೊಬ್ಬರಿಂದ ಸಾವಿರ ಕಿತ್ತು, ಯಾರೂ ದೂರು ಕೊಡಲಾರರೆಂಬ ಭರವಸೆಯ ಮೇಲೆಯೇ ಈ ದಂಧೆ ನಿಂತಿದೆ. ಮೋಸಹೋದವರಲ್ಲಿ ಓದಿದವರೂ ಇದ್ದಾರೆ, ನಾಚಿಕೆಪಡಬೇಕಾದವರು ಅವರಲ್ಲ. ಮನೆಯಲ್ಲಿ ಯಾರಿಗಾದರೂ ಹೀಗಾದರೆ ಬೈಯುವುದನ್ನು ಬಿಟ್ಟು, ತಕ್ಷಣ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕರೆ ಮಾಡಿಸಿ. ಹಣ ವಂಚಕನ ಖಾತೆಯಿಂದ ಮುಂದಿನ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ವ್ಯವಸ್ಥೆ ಆ ಸಹಾಯವಾಣಿಯ ಹಿಂದಿದೆ, ಹಾಗಾಗಿ ಒಂದೊಂದು ಗಂಟೆಗೂ ಬೆಲೆಯಿದೆ. ಪಾವತಿಯ ವಿವರದಲ್ಲಿರುವ 12 ಅಂಕಿಯ ವ್ಯವಹಾರ ಸಂಖ್ಯೆ, ಜಾಹೀರಾತಿನ ಮತ್ತು ವಾಟ್ಸ್‌ಆ್ಯಪ್ ಮಾತುಕತೆಯ ಸ್ಕ್ರೀನ್‌ಶಾಟ್ ಕೈಯಲ್ಲಿರಲಿ. ಅವನ್ನು ಅಳಿಸಬೇಡಿ.