ಜೆಟ್ ದೋಣಿಗಳ ಎಂಜಿನ್ ದೋಷಗಳು: ಮಾಲೀಕರಿಗೆ ಮಾಹಿತಿ

ವಿಹಾರದ ಜೆಟ್ ದೋಣಿಯು ತಳದ ಜಾಲರಿಯ ಮೂಲಕ ನೀರನ್ನು ಎಳೆದುಕೊಂಡು, ಇಂಪೆಲ್ಲರ್‌ನ ನೆರವಿನಿಂದ ಹಿಂಬದಿಯ ನಳಿಕೆಯಲ್ಲಿ ರಭಸವಾಗಿ ಹೊರಚಿಮ್ಮಿಸುತ್ತದೆ. ದೋಣಿ ಸಾಗುವುದೂ ತಿರುಗುವುದೂ ಈ ನೀರಿನ ಬಲದಿಂದಲೇ. ಆದುದರಿಂದ ಎಂಜಿನ್ ನಿಂತಲ್ಲಿ ದೋಣಿಯ ಮೇಲಿನ ಹಿಡಿತವೂ ತಪ್ಪುತ್ತದೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ:

1. ಎಂಜಿನ್ ವೇಗ ಏರಿದರೂ ದೋಣಿ ಸಾಗದಿದ್ದಲ್ಲಿ: ಜಾಲರಿಯಲ್ಲಿ ಕಳೆ, ಹಗ್ಗ ಅಥವಾ ಪ್ಲಾಸ್ಟಿಕ್ ಸಿಲುಕಿರಬಹುದು, ಇಂಪೆಲ್ಲರ್ ಸವೆದಿರಲೂಬಹುದು. ಎಂಜಿನ್ ನಿಲ್ಲಿಸಿ, ಕೀಲಿಕೈ ತೆಗೆದ ನಂತರವೇ ಸ್ವಚ್ಛಗೊಳಿಸತಕ್ಕದ್ದು.

2. ಎಂಜಿನ್ ಅತಿಯಾಗಿ ಬಿಸಿಯಾದಲ್ಲಿ: ತಂಪುಗೊಳಿಸುವ ನೀರಿನ ಮಾರ್ಗದಲ್ಲಿ ಮರಳು ಕಟ್ಟಿಕೊಂಡಿರಬಹುದು. ಕೂಡಲೇ ನಿಲ್ಲಿಸಿ, ತಣಿದ ಬಳಿಕ ಪರಿಶೀಲಿಸತಕ್ಕದ್ದು.

3. ಎಂಜಿನ್ ಚಾಲನೆಗೊಳ್ಳದಿದ್ದಲ್ಲಿ: ತುರ್ತು ನಿಲುಗಡೆ ಸ್ವಿಚ್, ಬ್ಯಾಟರಿ ಜೋಡಣೆ ಮತ್ತು ಇಂಧನ ಫಿಲ್ಟರನ್ನು ಕ್ರಮವಾಗಿ ನೋಡತಕ್ಕದ್ದು. ಪೆಟ್ರೋಲ್ ವಾಸನೆ ಇದ್ದಲ್ಲಿ ಚಾಲನೆಗೆ ಯತ್ನಿಸಕೂಡದು. ಎಂಜಿನ್ ಕೋಣೆಯಲ್ಲಿ ತುಂಬಿದ ಆವಿಯು ಒಂದು ಕಿಡಿಗೆ ಸ್ಫೋಟಿಸಬಲ್ಲದು.

ಹರಿವಿನಲ್ಲಿ ಎಂಜಿನ್ ನಿಂತಲ್ಲಿ, ಎಲ್ಲರೂ ಜೀವರಕ್ಷಕ ಜಾಕೆಟ್ ಧರಿಸಿರುವುದನ್ನು ಖಚಿತಪಡಿಸಿಕೊಂಡು, ಮೊದಲು ದೋಣಿಯ ಮುಂಭಾಗದಿಂದ ಲಂಗರು ಹಾಕತಕ್ಕದ್ದು. ದುರಸ್ತಿ ಕಾರ್ಯ ನಂತರದ್ದು.

ಒಳನಾಡು ನೌಕೆಗಳ ಅಧಿನಿಯಮ, 2021ರನ್ವಯ ಯಾಂತ್ರಿಕ ದೋಣಿಗಳಿಗೆ ತಪಾಸಣಾ ಪ್ರಮಾಣಪತ್ರ ಹಾಗೂ ನೋಂದಣಿ ಅಗತ್ಯವಿದ್ದು, ಅರ್ಜಿದಾರರು ಮೇಲ್ಕಂಡ ದೋಷಗಳನ್ನು ಸರಿಪಡಿಸಿಕೊಂಡೇ ದೋಣಿಯನ್ನು ತಪಾಸಣೆಗೆ ಹಾಜರುಪಡಿಸುವುದು ಸೂಕ್ತ.