ಸ್ವಾಮಿ ಧೈರ್ಯವಂತನೆ? ಗೈಡಿನಲ್ಲಿ ಉತ್ತರವಿದೆ

ಅಪ್ಪ ಪತ್ರಿಕೆ ಓದುತ್ತಿದ್ದಾರೆ. ಕಾಡುದಾರಿಯಲ್ಲಿ ಹುಲಿಯನ್ನು ಎದುರಿಸಿದ ಹಳ್ಳಿ ಹುಡುಗನೊಬ್ಬನ ಸುದ್ದಿ ಅದು. ಹುಡುಗರಿಂದ ಆಗುವ ಕೆಲಸ ಅದಲ್ಲ, ಅವನು ದೊಡ್ಡವನೇ ಇರಬೇಕು ಎನ್ನುತ್ತಾನೆ ಮಗ ಸ್ವಾಮಿ. ವಯಸ್ಸು, ಬಲ ಮುಖ್ಯವಲ್ಲ, ಧೈರ್ಯವೊಂದಿದ್ದರೆ ಸಾಕು ಎಂಬುದು ಅಪ್ಪನ ವಾದ. ಹಾಗಾದರೆ ಇವತ್ತು ರಾತ್ರಿ ಆಫೀಸು ಕೋಣೆಯಲ್ಲಿ ಒಬ್ಬನೇ ಮಲಗು ಎಂದುಬಿಡುತ್ತಾರೆ. ಅಜ್ಜಿಯ ಮಗ್ಗುಲು ಬಿಟ್ಟು ಮಲಗಿದವನಲ್ಲ ಸ್ವಾಮಿ. ಬೆಂಚಿನ ಕೆಳಗೆ ಮುದುಡಿಕೊಂಡವನಿಗೆ ಕತ್ತಲಲ್ಲಿ ಏನೋ ಸರಿದಾಡಿದಂತಾಗುತ್ತದೆ. ದೆವ್ವವೇ ಬಂತೆಂದು ಬಗೆದು, ಸಿಕ್ಕಿದ್ದನ್ನು ಹಿಡಿದು ಕಚ್ಚಿಬಿಡುತ್ತಾನೆ.

ಕಚ್ಚಿಸಿಕೊಂಡದ್ದು ದೆವ್ವವಲ್ಲ, ಕಳ್ಳ. ಬೆಳಗಾಗುವುದರೊಳಗೆ ಸ್ವಾಮಿ ಊರಿಗೇ ವೀರ.

ಆರ್.ಕೆ. ನಾರಾಯಣ್ ಅವರ ‘ಎ ಹೀರೋ’ ಎಂಬ ಈ ಸಣ್ಣಕಥೆಯನ್ನು ಕರ್ನಾಟಕದ ಎಷ್ಟೋ ಎಸ್ಸೆಸ್ಸೆಲ್ಸಿ ಮಕ್ಕಳು ಇಂಗ್ಲಿಷ್ ಪಠ್ಯದಲ್ಲಿ ಓದಿದ್ದಾರೆ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದಾಗಿ 1980ರ ದಶಕದಲ್ಲಿ ಸ್ವಾಮಿ ಮನೆಮನೆಯ ಹುಡುಗನೂ ಆದ. ಇಷ್ಟು ಹತ್ತಿರದ ಕಥೆ ತರಗತಿಗೆ ಬಂದಾಗ ಏನಾಗುತ್ತದೆ?

ಸಾಮಾನ್ಯವಾಗಿ ಆಗುವುದು ಇಷ್ಟು. ಮೇಷ್ಟ್ರು ಒಂದು ವಾಕ್ಯ ಓದುತ್ತಾರೆ, ಕನ್ನಡದಲ್ಲಿ ಅರ್ಥ ಹೇಳುತ್ತಾರೆ, ಕಠಿಣ ಪದಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ. ಗಂಟೆ ಹೊಡೆಯುತ್ತದೆ. ಕಳ್ಳ ಕೋಣೆಗೆ ಬರುವ ಹೊತ್ತಿಗೆ ವಾರ ಕಳೆದಿರುತ್ತದೆ. ಅಷ್ಟರಲ್ಲಿ ಮಕ್ಕಳು ಗೈಡು ತೆರೆದು ಸಾರಾಂಶ ಉರು ಹೊಡೆದಿರುತ್ತಾರೆ. ಕಥೆ ಮುಗಿಯುವ ಮೊದಲೇ ಅದರ ಕುತೂಹಲ ಸತ್ತಿರುತ್ತದೆ.

ಸಣ್ಣಕಥೆಯ ಗುಣಕ್ಕೆ ಇದು ನೇರ ವಿರುದ್ಧ. ಒಮ್ಮೆ ಕುಳಿತು ಓದಿ ಮುಗಿಸುವಂತಿದ್ದರೆ ಮಾತ್ರ ಕಥೆ ಮನಸ್ಸಿನ ಮೇಲೆ ಅಖಂಡವಾದ ಪರಿಣಾಮ ಬೀರುತ್ತದೆ ಎಂದು ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ 1842ರಲ್ಲೇ ವಾದಿಸಿದ್ದ. ಶಾಲೆಯ ಒಂದು ಪೀರಿಯಡ್ಡು ಸುಮಾರು 40 ನಿಮಿಷ. ಅಷ್ಟರಲ್ಲಿ ಪೂರ್ತಿ ಕೇಳಿಸಬಹುದಾದ ಸಾಹಿತ್ಯ ಪ್ರಕಾರಗಳಲ್ಲಿ ಸಣ್ಣಕಥೆಯೂ ಒಂದು.

ನಮ್ಮ ದೇಶದಲ್ಲಿ ಈ ಬಗ್ಗೆ ಚಿಂತನೆ ನಡೆದಿಲ್ಲವೆಂದೇನಲ್ಲ. 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕಲ್ ವೆಸ್ಟ್, ಬಂಗಾಳದ ಬಹುಪಾಲು ಮಕ್ಕಳು ನಡುವೆಯೇ ಶಾಲೆ ಬಿಡುವುದನ್ನು ಕಂಡರು. ಯಾವ ತರಗತಿಯಲ್ಲಿ ಬಿಟ್ಟರೂ ಅಷ್ಟರ ಮಟ್ಟಿಗಿನ ಲಾಭ ಕೈಯಲ್ಲಿ ಉಳಿಯಬೇಕು, ಆ ಲಾಭವೇ ಓದುವ ಶಕ್ತಿ ಎಂಬುದು ಅವರ ನಿಲುವು. ಅದಕ್ಕಾಗಿ ಹೊಸ ಪದಗಳನ್ನು ಮಿತವಾಗಿ ಬಳಸಿ ವಾಚಿಕೆಗಳನ್ನು ಸಿದ್ಧಪಡಿಸಿದರು. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರುವ ‘ನಾನ್‌ಡೀಟೇಲ್’ ಪುಸ್ತಕವೂ ಇದೇ ಜಾಡಿನದು. ಪದಪದಕ್ಕೂ ನಿಲ್ಲದೆ, ಓದಿನ ಸುಖಕ್ಕಾಗಿ ಓದಲೆಂದು ಇಟ್ಟ ಪುಸ್ತಕ ಅದು. ಅದರ ಮೇಲೂ ಪ್ರಶ್ನೆಗಳು ಬಂದವು, ಅದಕ್ಕೂ ಗೈಡು ಬಂತು.

ಇನ್ನೊಂದು ಪ್ರಯೋಗ ಬೆಂಗಳೂರಿನದೇ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಮತ್ತು ಅವರ ಸಂಗಡಿಗರು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ವ್ಯಾಕರಣ ಪಾಠವನ್ನು ಬದಿಗಿಟ್ಟು, ರೈಲು ವೇಳಾಪಟ್ಟಿ, ನಕ್ಷೆಗಳಂಥ ಸಾಮಗ್ರಿ ಕೊಟ್ಟು ಸಮಸ್ಯೆ ಬಿಡಿಸಲು ಹೇಳಿದರು. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ಭಾಷೆ ತಾನಾಗಿ ಮೈಗೂಡುತ್ತದೆ ಎಂಬುದು ಅದರ ತಿರುಳು. ಅವರು ಮುಖ್ಯವಾಗಿ ನೆಚ್ಚಿದ್ದು ಕಥೆಗಳನ್ನಲ್ಲ. ಆದರೆ ಆ ಮಾತು ಕಥೆಗೂ ಒಪ್ಪುತ್ತದೆ. ಕತ್ತಲಲ್ಲಿ ಬಂದವರು ಯಾರೆಂದು ತಿಳಿಯುವ ಆಸೆ ಹುಟ್ಟಿದ ಹುಡುಗಿ ಮುಂದಿನ ಪುಟ ತಿರುವಿಯೇ ತಿರುವುತ್ತಾಳೆ.

ಹಾಗಾದರೆ ಮಾಡಬೇಕಾದ್ದೇನು? ಮೊದಲ ದಿನ ಮೇಷ್ಟ್ರು ಕಥೆಯನ್ನು ಗಟ್ಟಿಯಾಗಿ, ಪೂರ್ತಿ ಓದಬೇಕು. ಕಠಿಣ ಪದಗಳಿಗಾಗಿ ನಿಲ್ಲುವುದು ಬೇಡ. ನಿಲ್ಲಬೇಕಾದ್ದು ಒಂದೇ ಕಡೆ, ಕೋಣೆಯಲ್ಲಿ ಏನೋ ಅಲುಗಾಡಿದಾಗ. ಮುಂದೇನಾಗಬಹುದು ಎಂದು ಕೇಳಿ, ಉತ್ತರ ಕನ್ನಡದಲ್ಲಿ ಬಂದರೂ ಒಪ್ಪಿಕೊಳ್ಳಬೇಕು. ಎರಡನೆಯ ಓದಿನಲ್ಲಿ ಭಾಷೆ. ಸ್ವಾಮಿಯ ಹೆದರಿಕೆಯನ್ನು ತೋರಿಸುವ ಪದಗಳು ಯಾವುವು ಎಂದು ಮಕ್ಕಳೇ ಹುಡುಕಲಿ. ಮಾಧ್ಯಮಿಕ ತರಗತಿಗಳಾದರೆ ಇನ್ನೂ ಚಿಕ್ಕ ಕಥೆ ಸಾಕು. ಅದನ್ನು ಅಭಿನಯಿಸಬಹುದು, ಮನೆಮಾತಿನಲ್ಲಿ ಮತ್ತೆ ಹೇಳಬಹುದು.

ಮೂರನೆಯದು ಚರ್ಚೆ. ಸ್ವಾಮಿ ಧೈರ್ಯವಂತನೆ? ಹೌದು, ಕಳ್ಳನನ್ನು ಹಿಡಿದುಕೊಟ್ಟ ಎಂಬುದು ಗೈಡಿನ ಉತ್ತರ. ಆದರೆ ಅವನು ಕಚ್ಚಿದ್ದು ಭಯದಿಂದ. ಪೊಲೀಸರೂ ಸಹಪಾಠಿಗಳೂ ಹೊಗಳಿದ ಮರುರಾತ್ರಿ ಅವನು ಹೋಗಿ ಮಲಗಿದ್ದು ಅಜ್ಜಿಯ ಪಕ್ಕದಲ್ಲೇ. ಹಾಗಾದರೆ ಧೈರ್ಯದ ಬಗ್ಗೆ ಅಪ್ಪ ಹೇಳಿದ್ದು ನಿಜವಾಯಿತೊ ಸುಳ್ಳಾಯಿತೊ? ಎರಡೂ ಕಡೆಗೆ ಕಥೆಯಲ್ಲೇ ಸಾಕ್ಷ್ಯವಿದೆ. ಒಂದೇ ಉತ್ತರ ಸರಿಯೆಂದು ಕಲಿಸಿದರೆ, ಅನುಮಾನ ಬಂದ ಹುಡುಗ ಸುಮ್ಮನಾಗುತ್ತಾನೆ. ಇಂಗ್ಲಿಷ್ ಆ ಒಂದು ಪೀರಿಯಡ್ಡಿನಲ್ಲಿ ಮಾತ್ರ ಕಿವಿಗೆ ಬೀಳುವ ಕನ್ನಡ ಮಾಧ್ಯಮದ ಮಕ್ಕಳಿಗೆ ಈ ನಷ್ಟ ದೊಡ್ಡದು.

ಮೇಷ್ಟ್ರನ್ನಷ್ಟೇ ದೂರಿ ಫಲವಿಲ್ಲ. ತುಂಬಿದ ತರಗತಿ, ಮುಗಿಸಲೇಬೇಕಾದ ಸಿಲೆಬಸ್, ತಲೆಯ ಮೇಲೆ ಪರೀಕ್ಷೆ. ಆದರೂ ಮೊದಲ ಓದಿಗೆ ಒಂದು ಪೀರಿಯಡ್ಡು ಮೀಸಲಿಡುವುದಕ್ಕೆ ಯಾವ ಸುತ್ತೋಲೆಯೂ ಬೇಕಿಲ್ಲ.

ಸ್ವಾಮಿಯನ್ನು ಸೃಷ್ಟಿಸಿದ ನಾರಾಯಣ್ ಮೈಸೂರಿನ ಹೆಡ್‌ಮಾಸ್ತರರ ಮಗ. ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಅವರು ಫೇಲಾದದ್ದು ಇಂಗ್ಲಿಷಿನಲ್ಲೇ! ಮೇಷ್ಟ್ರ ಕೆಲಸಕ್ಕೆ ಸೇರಿ, ಬೇಗನೆ ಬಿಟ್ಟು ಬಂದವರೂ ಹೌದು. 1989ರಲ್ಲಿ ರಾಜ್ಯಸಭೆಯಲ್ಲಿ ಅವರು ಮಾತಾಡಿದ್ದು ಮಕ್ಕಳ ಬೆನ್ನು ಬಗ್ಗಿಸುವ ಪುಸ್ತಕದ ಚೀಲದ ಬಗ್ಗೆ. ಮುಂದೆ ನೇಮಕವಾದ ಯಶಪಾಲ್ ಸಮಿತಿ 1993ರ ವರದಿಯಲ್ಲಿ, ಚೀಲದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರವೇ ಕೆಟ್ಟದ್ದು ಎಂಬ ಅಭಿಪ್ರಾಯಕ್ಕೆ ಬಂತು.

ಸ್ವಾಮಿಯ ಕಥೆಯೂ ಅದೇ ಚೀಲದೊಳಗಿತ್ತು. ಅಂಥ ಕಥೆ ಮಕ್ಕಳಿಗೆ ಹೊರೆಯೊ ಗೆಳೆಯನೊ ಎಂಬುದು ಮೊದಲ ಓದಿನ ಆ 40 ನಿಮಿಷಗಳಲ್ಲೇ ತೀರ್ಮಾನವಾಗಿಬಿಡುತ್ತದೆ.